ದಿನಕ್ಕೊಂದು ಹಾಳೆ, ಹಿಂದೆ ಇತಿಹಾಸ: 180 ರೂಪಾಯಿಯ ಕ್ಯಾಲೆಂಡರ್ ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ, ಕೊಳ್ಳಬಹುದು. ಆದರೆ ಹಾಳೆಯ ಹಿಂದೆ ಅಚ್ಚಾಗಿರುವುದನ್ನೆಲ್ಲ ನಂಬಿಕೊಂಡು ಪರೀಕ್ಷೆ ಬರೆಯಲು ಹೋಗಬೇಡಿ.

ಡಿಸೆಂಬರ್ ಬಂತೆಂದರೆ ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಕಡೆ ಅಂಗಡಿ ಬಾಗಿಲಿಗೆಲ್ಲ ಕ್ಯಾಲೆಂಡರ್ ನೇತಾಡುತ್ತವೆ. ದೇವರ ಚಿತ್ರದ್ದು, ಪಂಚಾಂಗದ್ದು, ಬಂಗಾರದಂಗಡಿಯವರು ಪುಕ್ಕಟೆ ಕೊಡುವುದು. ನಾನು ಹೇಳುತ್ತಿರುವುದು ಹರಿಯುವ ಕ್ಯಾಲೆಂಡರ್ ಬಗ್ಗೆ. ದಿನಕ್ಕೊಂದು ಹಾಳೆ. ಮುಂದೆ ದೊಡ್ಡ ಅಂಕಿಯಲ್ಲಿ ತಾರೀಖು, ಅದರ ಕೆಳಗೆ ತಿಥಿ, ನಕ್ಷತ್ರ, ರಾಹುಕಾಲ. ಹಿಂದೆ ಅದೇ ತಾರೀಖಿನಂದು ಹಿಂದಿನ ವರ್ಷಗಳಲ್ಲಿ ನಡೆದ ಘಟನೆಗಳು, ಹುಟ್ಟಿದವರು, ತೀರಿಕೊಂಡವರು. ಇಂಥವು ಮಾರ್ಕೆಟ್ಟಿನಲ್ಲಿ ಬೇರೆ ಬೇರೆ ಇವೆ. ನಾನು ತಂದದ್ದರ ಹೆಸರು ಬೇಡ, ಹೊಗಳುವುದಕ್ಕಿಂತ ಬೈಯುವುದು ಸ್ವಲ್ಪ ಜಾಸ್ತಿಯೇ ಇದೆ.

ನಮ್ಮದು ವಿದ್ಯಾನಗರದ ಕಡೆ ಒಂದು ಜೆರಾಕ್ಸ್ ಅಂಗಡಿ. ಬರುವವರಲ್ಲಿ ಅರ್ಧಕ್ಕರ್ಧ ಪಿಡಿಒ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗ ಹುಡುಗಿಯರು. ನೋಟ್ಸ್ ಪ್ರಿಂಟ್ ಆಗುವ ತನಕ ನಿಂತಿರುತ್ತಾರಲ್ಲ, ಅವರ ಕಣ್ಣಿಗೆ ಏನಾದರೂ ಬೀಳಲಿ ಅಂತ ಕೌಂಟರ್ ಪಕ್ಕದ ಗೋಡೆಗೆ ಇದನ್ನು ತೂಗುಹಾಕಿದ್ದೆ. ಇಡೀ ವರ್ಷ ಗೋಡೆ ಮೇಲಿದ್ದ ಮೇಲೆ ಬರೆಯುತ್ತಿದ್ದೇನೆ, ಹೊಸದು ತಂದ ಖುಷಿಯಲ್ಲಿ ಅಲ್ಲ.

ಮೊದಲು ವಸ್ತುವಿನ ವಿಚಾರ ಮುಗಿಸೋಣ. ಕಾಗದ ತೆಳು. ಮುಂದಿನ ದೊಡ್ಡ ಕೆಂಪು ಅಂಕಿ ಹಿಂದಕ್ಕೆ ಕಾಣುತ್ತದೆ, ಹಾಗಾಗಿ ಭಾನುವಾರದ ಚರಿತ್ರೆಯನ್ನು ಓದುವುದು ಕಷ್ಟ. ಅಕ್ಷರ ತೀರಾ ಸಣ್ಣದು, ನಮ್ಮ ಚಿಕ್ಕಪ್ಪ ಕನ್ನಡಕ ಹಾಕಿಕೊಂಡೂ ಬೆಳಕಿಗೆ ಹಿಡಿದು ಓದುತ್ತಿದ್ದರು. ಮೇಲಿನ ಅಂಟು ಸರಿ ಇಲ್ಲ. ನಮ್ಮೂರಿನ ಬೇಸಿಗೆ ನಿಮಗೆ ಗೊತ್ತಲ್ಲ, ಏಪ್ರಿಲ್ ಹೊತ್ತಿಗೆ ಅಂಟು ಒಣಗಿ, ಫ್ಯಾನ್ ಹಾಕಿದರೆ ಮುಂದಿನ ವಾರದ ಹಾಳೆಗಳು ಇವತ್ತೇ ಉದುರಲು ಶುರುವಾದವು. ಕೊನೆಗೆ ನಮ್ಮ ಅಂಗಡಿಯ ದೊಡ್ಡ ಸ್ಟೇಪ್ಲರ್‌ನಿಂದಲೇ ಪಿನ್ ಹೊಡೆದೆ.

ಇನ್ನೊಂದು ತಮಾಷೆ ನೋಡಿ. ಇವತ್ತಿನ ಇತಿಹಾಸವನ್ನು ಇವತ್ತಿನ ಹಾಳೆಯ ಹಿಂದೆಯೇ ಹಾಕಿದ್ದಾರೆ. ಅಂದರೆ ಅದನ್ನು ಓದಬೇಕಾದರೆ ಹಾಳೆ ಹರಿಯಬೇಕು, ಹರಿಯುವುದು ನಾಳೆ ಬೆಳಿಗ್ಗೆ! ಒಂದು ದಿನ ತಡವಾಗಿ ಓದುವುದಕ್ಕೆ ಈ ದಿನದ ವಿಶೇಷ ಯಾಕೆ ಬೇಕು? ನಿನ್ನೆಯ ಹಾಳೆಯ ಹಿಂದೆ ಇವತ್ತಿನದನ್ನು ಹಾಕಿದ್ದರೆ, ಬೆಳಿಗ್ಗೆ ಹರಿದ ತಕ್ಷಣ ಕೈಯಲ್ಲಿ ಇವತ್ತಿನದೇ ಇರುತ್ತಿತ್ತು. ಇಷ್ಟು ಸಣ್ಣ ವಿಷಯವನ್ನು ಯಾರೂ ಯೋಚಿಸಿಲ್ಲ. ನಮ್ಮ ಹುಡುಗರು ಹಾಳೆಯನ್ನು ಕೆಳಗಿನಿಂದ ಎತ್ತಿ, ಕತ್ತು ಓರೆ ಮಾಡಿ ಓದುವುದನ್ನು ರೂಢಿ ಮಾಡಿಕೊಂಡಿದ್ದರು.

ಸರಿ, ಒಳಗಿನ ಸರಕು ಹೇಗಿದೆ? ಎಲ್ಲ ಹಾಳೆಯನ್ನೂ ಹೇಳಲು ಆಗುವುದಿಲ್ಲ, ಒಂದನ್ನು ಹಿಡಿದು ನೋಡೋಣ. ಏಪ್ರಿಲ್ 24.

ಈ ತಾರೀಖು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಡಾ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ಗಾಜನೂರಿನಲ್ಲಿ. ಹಾಳೆಯಲ್ಲಿ ಅವರ ಹೆಸರು ದಪ್ಪ ಅಕ್ಷರದಲ್ಲಿದೆ, ಮುತ್ತುರಾಜ್ ಎಂಬ ಮೊದಲ ಹೆಸರೂ ಇದೆ, 1995ರ ಫಾಲ್ಕೆ ಪ್ರಶಸ್ತಿಯೂ ಇದೆ. ಅವರ ಕೆಳಗೇ ಸಚಿನ್ ತೆಂಡೂಲ್ಕರ್, 1973. ಇಲ್ಲಿಯವರೆಗೆ ಯಾರು ಬೇಕಾದರೂ ಬರೆಯುತ್ತಾರೆ. ನನಗೆ ಇಷ್ಟವಾದದ್ದು ಘಟನೆಗಳ ಸಾಲಿನಲ್ಲಿದ್ದ ಒಂದು ವಾಕ್ಯ: 1998ರಲ್ಲಿ ಇದೇ ದಿನ ಶಾರ್ಜಾದಲ್ಲಿ ಆಸ್ಟ್ರೇಲಿಯಾ ವಿರುದ್ಧದ ಫೈನಲ್‌ನಲ್ಲಿ ಸಚಿನ್ 134 ರನ್ ಹೊಡೆದರು. ಅವತ್ತು ಅವರಿಗೆ 25 ತುಂಬಿತ್ತು. ಇದನ್ನು ಓದಿದ್ದೇ ತಡ, ಜೆರಾಕ್ಸ್‌ಗೆ ಬಂದಿದ್ದ ಇಬ್ಬರು ನಡುವಯಸ್ಸಿನ ಮೇಷ್ಟ್ರುಗಳು ಮರಳುಗಾಳಿಯ ಮ್ಯಾಚ್ ಅದೇನಾ, ಅದಕ್ಕಿಂತ ಮೊದಲಿನದಾ ಅಂತ ಅರ್ಧ ಗಂಟೆ ವಾದ ಮಾಡಿದರು. ಮರಳುಗಾಳಿಯದು ಎರಡು ದಿನ ಮುಂಚಿನದು, ಏಪ್ರಿಲ್ 22, ಅದರಲ್ಲಿ 143. ಆ ಹಾಳೆ ಆಗಲೇ ಕಸದ ಬುಟ್ಟಿಗೆ ಹೋಗಿತ್ತು.

ಅದೇ ಹಾಳೆಯಲ್ಲಿ ಕೇಶವಾನಂದ ಭಾರತೀ ಪ್ರಕರಣದ ತೀರ್ಪೂ ಇದೆ. 1973ರ ಏಪ್ರಿಲ್ 24. ಅಂದರೆ ಬೊಂಬಾಯಿಯಲ್ಲಿ ಸಚಿನ್ ಹುಟ್ಟಿದ ದಿನವೇ ದೆಹಲಿಯಲ್ಲಿ 13 ನ್ಯಾಯಮೂರ್ತಿಗಳ ಪೀಠ 7 ಮತ್ತು 6ರ ಅಂತರದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ಹೇಳಿತು. ಎಂಥ ಜೋಡಿ ಅಲ್ವಾ! ಆದರೆ ಕ್ಯಾಲೆಂಡರ್‌ನವರು ಇದಕ್ಕೆ ಕೊಟ್ಟದ್ದು ಒಂದೇ ಸಾಲು: "ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು." ಏನು ತೀರ್ಪು, ಯಾರು ಕೇಶವಾನಂದ ಭಾರತೀ, ಒಂದೂ ಇಲ್ಲ. ಅವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಕನ್ನಡದ ಮಠ. ಕೇರಳದ ಭೂಸುಧಾರಣೆ ಕಾಯ್ದೆಯಲ್ಲಿ ಮಠದ ಜಮೀನು ಹೋಗುತ್ತದೆ ಅಂತ ಕೋರ್ಟಿಗೆ ಹೋದವರು. ತೀರ್ಪು ಕೊಟ್ಟ ಪೀಠದಲ್ಲಿ ಕಾರ್ಕಳ ಕಡೆಯ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಇದ್ದರು. ತೀರ್ಪಿನ ಬೆನ್ನಲ್ಲೇ ಅವರನ್ನೂ ಸೇರಿಸಿ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ಆಮೇಲೆ ಲೋಕಸಭೆಯ ಸ್ಪೀಕರ್ ಆದರು. ಕನ್ನಡದ ಓದುಗರಿಗೆ ಅಂತಲೇ ಮಾಡಿದ ಕ್ಯಾಲೆಂಡರ್‌ನಲ್ಲಿ ಇದಕ್ಕೆ ಎರಡು ಸಾಲು ಜಾಸ್ತಿ ಕೊಡಬಾರದಿತ್ತಾ?

ಜಾಗ ಇರಲಿಲ್ಲ ಅನ್ನುವಂತಿಲ್ಲ. ಯಾಕೆಂದರೆ ಘಟನೆಗಳ ಪಟ್ಟಿಯ ಮೊದಲ ಸಾಲೇ ಇದು: ಕ್ರಿ.ಪೂ. 1184, ಏಪ್ರಿಲ್ 24, ಗ್ರೀಕರು ಮರದ ಕುದುರೆಯಲ್ಲಿ ಅಡಗಿ ಟ್ರಾಯ್ ನಗರವನ್ನು ಹೊಕ್ಕರು. ತಾರೀಖು ಸಮೇತ! ಯಾರು ಡೈರಿ ಬರೆದಿಟ್ಟಿದ್ದರೋ. 1184 ಎಂಬ ವರ್ಷವೇ ಎರಾಟೊಸ್ತೆನೀಸ್ ಎಂಬ ಗ್ರೀಕ್ ಪಂಡಿತ ಸುಮಾರು ಒಂಬೈನೂರು ವರ್ಷ ಆದಮೇಲೆ ಲೆಕ್ಕ ಹಾಕಿ ಹೇಳಿದ್ದು. ಮರದ ಕುದುರೆ ಇತ್ತು ಅನ್ನುವುದಕ್ಕೇ ಆಧಾರವಿಲ್ಲ. ಮಹಾಭಾರತ ಯುದ್ಧ ಶುರುವಾದ ತಾರೀಖನ್ನು ಯಾರಾದರೂ ಹೀಗೆ ಅಚ್ಚು ಮಾಡಿದರೆ ನಾವು ನಗುತ್ತೇವೆ, ಹೊರದೇಶದ್ದಾದರೆ ಸುಮ್ನೆ ಒಪ್ಪಿಕೊಳ್ಳುತ್ತೇವೆ.

ಹಬಲ್ ದೂರದರ್ಶಕದ ಸಾಲು ಸರಿ ಇದೆ, ಪೂರ್ತಿ ಸರಿ ಇಲ್ಲ. "1990: ಹಬಲ್ ಬಾಹ್ಯಾಕಾಶ ದೂರದರ್ಶಕ ಕಕ್ಷೆಗೆ" ಎಂದಿದ್ದಾರೆ. ಡಿಸ್ಕವರಿ ನೌಕೆ ಅದನ್ನು ಹೊತ್ತು ಹಾರಿದ್ದು 24ರಂದು, ನೌಕೆಯಿಂದ ಹೊರಗೆ ಬಿಟ್ಟದ್ದು 25ರಂದು. ಹೋಗಲಿ, ಇದು ಕೂದಲು ಸೀಳುವ ಮಾತು. ಆದರೆ 1967ರ ಏಪ್ರಿಲ್ 24ಕ್ಕೆ ಸೋಯುಜ್-1 ನೌಕೆ ಪ್ಯಾರಾಚೂಟ್ ಬಿಚ್ಚದೆ ನೆಲಕ್ಕೆ ಅಪ್ಪಳಿಸಿತು ಎಂದು ಘಟನೆಗಳಲ್ಲಿ ಹಾಕಿ, ಅದರಲ್ಲಿ ಸತ್ತ ವ್ಲಾದಿಮಿರ್ ಕೊಮರೋವ್ ಅವರ ಹೆಸರನ್ನು ನಿಧನದ ಪಟ್ಟಿಯಲ್ಲಿ ಬಿಟ್ಟಿದ್ದಾರೆ. ಬಾಹ್ಯಾಕಾಶ ಯಾನದಲ್ಲಿ ಜೀವ ಕಳೆದುಕೊಂಡ ಮೊದಲ ಮನುಷ್ಯ ಅವರು. ನಿಧನದಲ್ಲಿ ಇರುವವರು ಚಿತ್ರಕಾರ ಜಾಮಿನಿ ರಾಯ್ (1972), ಹಿಂದಿ ಕವಿ ದಿನಕರ್ (1974), ದೀನಾನಾಥ್ ಮಂಗೇಶ್ಕರ್ (1942). ಈ ಕೊನೆಯ ಹೆಸರಿನ ಪಕ್ಕ "ಗಾಯಕ, ನಟ" ಅಂತ ಮಾತ್ರ ಇದೆ. ಲತಾ ಮಂಗೇಶ್ಕರ್ ಅವರ ತಂದೆ ಅಂತ ಒಂದು ಮಾತು ಸೇರಿಸಿದ್ದರೆ ನಿಂತು ಓದುವವರ ಮುಖ ಅರಳುತ್ತಿತ್ತು. ತಂದೆ ತೀರಿಕೊಂಡಾಗ ಲತಾಗೆ 12 ವರ್ಷ, ಮನೆಯ ಭಾರ ಅವರ ತಲೆಗೆ ಬಂದದ್ದು ಅವತ್ತಿನಿಂದಲೇ.

ಪಿಡಿಒ ಹುಡುಗರಿಗೆ ಬೇಕಾದದ್ದೂ ಈ ಹಾಳೆಯಲ್ಲಿತ್ತು: ಪಂಚಾಯತ್‌ಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24, ಅದಕ್ಕೇ 2010ರಿಂದ ಇದು ರಾಷ್ಟ್ರೀಯ ಪಂಚಾಯತ್ ರಾಜ್ ದಿನ. ಚನ್ನಗಿರಿ ಕಡೆಯ ಒಬ್ಬ ಹುಡುಗಿ ಅದನ್ನು ಓದಿ, "ಅಣ್ಣಾ, ಈ ಹಾಳೆ ನಂಗೆ ಕೊಡ್ರಿ" ಅಂತ ಹರಿದುಕೊಂಡೇ ಹೋದಳು. ಕರ್ನಾಟಕ ಇದಕ್ಕೆ ಹತ್ತು ವರ್ಷ ಮೊದಲೇ, 1983ರಲ್ಲಿ, ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಅವರ ಕಾಲದಲ್ಲಿ ಜಿಲ್ಲಾ ಪರಿಷತ್ತಿನ ಕಾನೂನು ಮಾಡಿತ್ತು ಅನ್ನುವುದನ್ನು ನಾನು ಬಾಯಲ್ಲಿ ಹೇಳಿ ಕಳಿಸಿದೆ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ವಿಷಯ. 2013ರ ಏಪ್ರಿಲ್ 24 ಈ ಹಾಳೆಯಲ್ಲಿ ಇಲ್ಲವೇ ಇಲ್ಲ. ಢಾಕಾ ಹತ್ತಿರದ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಕುಸಿದ ದಿನ ಅದು. ಎಂಟು ಅಂತಸ್ತಿನ ಕಟ್ಟಡ, ಒಳಗೆ ಗಾರ್ಮೆಂಟ್ಸ್ ಕಾರ್ಖಾನೆಗಳು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿದ್ದ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಹೊಲಿಗೆಯವರನ್ನು ಮಾತ್ರ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬನ್ನಿ ಎಂದರು. 1,100ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಂಗಸರೇ ಜಾಸ್ತಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ನೋಡಿದವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಹತ್ತಿ ಗಿರಣಿಯ ಪಾಳಿ ಅಂದರೆ ಏನು, ಬಾಗಿಲು ಮುಚ್ಚಿದ ಮಿಲ್ಲು ಅಂದರೆ ಏನು ಅಂತ ಈ ಊರಿಗೆ ಯಾರೂ ಹೇಳಬೇಕಾಗಿಲ್ಲ. ಇಂಥ ಊರಿನಲ್ಲಿ ಮಾರುವ ಕ್ಯಾಲೆಂಡರ್‌ನಲ್ಲಿ ಟ್ರಾಯ್ ಕುದುರೆಗೆ ಜಾಗ ಇದೆ, ಮೂರು ಹಾಲಿವುಡ್ ನಟನಟಿಯರ ಹುಟ್ಟುಹಬ್ಬಕ್ಕೆ ಜಾಗ ಇದೆ, ಬಟ್ಟೆ ಹೊಲಿಯುತ್ತಾ ಸತ್ತವರಿಗೆ ಇಲ್ಲ. ಕ್ಯಾಲೆಂಡರ್ ಮಾಡುವವರು ಊರೂರಿಗೆ ಬೇರೆ ಬೇರೆ ಅಚ್ಚು ಮಾಡಲು ಆಗುವುದಿಲ್ಲ, ಗೊತ್ತು. ಆದರೆ ಯಾರೋ ಎಲ್ಲೋ ಮಾಡಿಟ್ಟ ಪಟ್ಟಿಯನ್ನು ಹಾಗೇ ಇಳಿಸಿಕೊಂಡರೆ ಹೀಗೇ ಆಗುವುದು.

ಇಳಿಸಿಕೊಂಡಿದ್ದಾರೆ ಅನ್ನುವುದಕ್ಕೆ ಏಪ್ರಿಲ್ ತಿಂಗಳಲ್ಲೇ ಇನ್ನೂ ಸಾಕ್ಷಿ ಇದೆ. 12ನೇ ತಾರೀಖಿನ ಹಾಳೆಯ ನಿಧನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ, 1962. ಎರಡು ಹಾಳೆ ಹರಿದರೆ 14ನೇ ತಾರೀಖು, ಅಲ್ಲೂ ವಿಶ್ವೇಶ್ವರಯ್ಯ, 1962! ಎರಡು ತಾರೀಖೂ ಪುಸ್ತಕಗಳಲ್ಲಿ ಓಡಾಡುತ್ತಿವೆ ನಿಜ, ಅವರು ಹುಟ್ಟಿದ ವರ್ಷವನ್ನೂ 1860 ಎಂದು ಕೆಲವರು, 1861 ಎಂದು ಕೆಲವರು ಬರೆಯುತ್ತಾರೆ. ಹಾಗಂತ ಒಂದೇ ಕ್ಯಾಲೆಂಡರ್‌ನಲ್ಲಿ ಒಬ್ಬರನ್ನೇ ಎರಡು ಸಲ ಸಾಯಿಸುವುದಾ? ಒಂದನ್ನು ಆರಿಸಿ, ಇನ್ನೊಂದನ್ನು ಪಕ್ಕದಲ್ಲಿ ಹೇಳಿ, ಅಷ್ಟೇ ಅಲ್ವಾ ಸಂಪಾದಕರ ಕೆಲಸ.

ಆದರೆ ಅದೇ 12ನೇ ಹಾಳೆ ನನಗೆ ವರ್ಷದಲ್ಲೇ ತುಂಬಾ ಖುಷಿ ಕೊಟ್ಟಿತು ಅನ್ನುವುದನ್ನೂ ಹೇಳಬೇಕು. ಯೂರಿ ಗಗಾರಿನ್ ಭೂಮಿ ಸುತ್ತಿ ಬಂದದ್ದು 1961ರ ಏಪ್ರಿಲ್ 12. ರಾಜ್‌ಕುಮಾರ್ ತೀರಿಕೊಂಡದ್ದು 2006ರ ಏಪ್ರಿಲ್ 12. ಹಾಳೆಯಲ್ಲಿ ಗಗಾರಿನ್ ಯಾನ 108 ನಿಮಿಷದ್ದು ಎಂದು ಬರೆದಿತ್ತು. ಓದಿದ ಚಿಕ್ಕಪ್ಪ, "ನೋಡೋ, ಅಣ್ಣಾವ್ರು ಕಾಡಲ್ಲಿದ್ದದ್ದೂ 108 ದಿನ" ಅಂದರು. 2000ದ ಜುಲೈ 30ಕ್ಕೆ ವೀರಪ್ಪನ್ ಅಪಹರಿಸಿದ್ದು, ನವೆಂಬರ್ 15ಕ್ಕೆ ಬಿಟ್ಟದ್ದು. ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಗೋಡೆಗೆ ನೇತು ಹಾಕಿದ ಒಂದು ಚೂರು ಕಾಗದ ಹೀಗೆ ಮಾತು ಎಬ್ಬಿಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಏಪ್ರಿಲ್ 23ರ ಹಾಳೆಯಲ್ಲಿ ಎಲ್ಲರೂ ಮಾಡುವ ತಪ್ಪೇ ಇದೆ. ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಸರ್ವಾಂಟೆಸ್ 1616ರಲ್ಲಿ ಒಂದೇ ದಿನ ಸತ್ತರಂತೆ. ತಾರೀಖು ಒಂದೇ, ದಿನ ಬೇರೆ. ಸ್ಪೇನ್ 1582ರಲ್ಲೇ ಗ್ರೆಗೋರಿಯನ್ ಕ್ಯಾಲೆಂಡರ್‌ಗೆ ಬದಲಾಗಿತ್ತು, ಇಂಗ್ಲೆಂಡ್ 1752ರ ತನಕ ಹಳೆಯದನ್ನೇ ಇಟ್ಟುಕೊಂಡಿತ್ತು. ನಡುವೆ ಹತ್ತು ದಿನದ ವ್ಯತ್ಯಾಸ. ಅದೂ ಅಲ್ಲದೆ ಸರ್ವಾಂಟೆಸ್ ತೀರಿಕೊಂಡದ್ದು 22ಕ್ಕೆ, ಮಣ್ಣು ಮಾಡಿದ್ದು 23ಕ್ಕೆ ಅನ್ನುತ್ತಾರೆ. ಕ್ಯಾಲೆಂಡರ್ ಮಾರುವವರಿಗೇ ಕ್ಯಾಲೆಂಡರ್‌ನ ಕಥೆ ಗೊತ್ತಿಲ್ಲದಿದ್ದರೆ ಏನು ಹೇಳುವುದು.

ನಮ್ಮ ಕಡೆಯ ವಿಷಯಕ್ಕೆ ಬಂದರೆ ಇನ್ನೂ ಬಡತನ. ಡಿಸೆಂಬರ್ 10ಕ್ಕೆ ಆಲ್‌ಫ್ರೆಡ್ ನೊಬೆಲ್ ಸತ್ತದ್ದು ಇದೆ, ಮಾನವ ಹಕ್ಕುಗಳ ದಿನ ಇದೆ. ಎಸ್. ನಿಜಲಿಂಗಪ್ಪನವರು ಹುಟ್ಟಿದ್ದು (1902) ಇಲ್ಲ. ಆಗಸ್ಟ್ 8ಕ್ಕೆ 1942ರ ಕ್ವಿಟ್ ಇಂಡಿಯಾ ಠರಾವು ಇದೆ, ನಿಜಲಿಂಗಪ್ಪನವರು 2000ದಲ್ಲಿ ತೀರಿಕೊಂಡದ್ದು ಅದೇ ದಿನ, ಅದೂ ಇಲ್ಲ. ಅವರು 1956ರ ನವೆಂಬರ್ 1ರಂದು ಏಕೀಕರಣಗೊಂಡ ರಾಜ್ಯದ ಮೊದಲ ಮುಖ್ಯಮಂತ್ರಿ ಆದವರು ಸ್ವಾಮಿ! ಚಿತ್ರದುರ್ಗದ ನನ್ನ ಭಾವನಿಗೆ ಇದನ್ನು ಹೇಳಿದರೆ, "ಸೀಬಾರದ ಹತ್ರ ಹೈವೇ ಪಕ್ಕದಲ್ಲೇ ಸ್ಮಾರಕ ಇದೆಯಲ್ರಿ, ಬಸ್ಸಲ್ಲಿ ಹೋಗೋವಾಗ್ಲೂ ಕಾಣಲ್ವಾ ಇವರಿಗೆ" ಅಂದರು. ನವೆಂಬರ್ 11ಕ್ಕೆ ಓಬವ್ವ ಜಯಂತಿಯನ್ನು ಹಾಕಿದ್ದಾರೆ, ಅಷ್ಟರ ಮಟ್ಟಿಗೆ ದುರ್ಗದವರಿಗೆ ಸಮಾಧಾನ. ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ದಿನ, ಸಂಗೊಳ್ಳಿ ರಾಯಣ್ಣ ಎಲ್ಲ ಇದ್ದಾರೆ, 1997ರ ಅದೇ ದಿನ ಜೆ.ಎಚ್. ಪಟೇಲರ ಕಾಲದಲ್ಲಿ ದಾವಣಗೆರೆ ಜಿಲ್ಲೆ ಆದದ್ದು ಇಲ್ಲ. ನಾನೇ ಪೆನ್ನಿನಲ್ಲಿ ಬರೆದೆ.

ಬಸವಣ್ಣನವರನ್ನು ಎಲ್ಲಿ ಹಾಕಿದ್ದಾರೆ ಅಂತ ಕೆಲವರು ಕೇಳಿದರು. ಅದು ತಪ್ಪು ಅನ್ನುವಂತಿಲ್ಲ. ಬಸವ ಜಯಂತಿ ಅಕ್ಷಯ ತದಿಗೆಯ ದಿನ, 2024ರಲ್ಲಿ ಮೇ 10ಕ್ಕೆ ಬಂದಿತ್ತು, 2025ರಲ್ಲಿ ಏಪ್ರಿಲ್ 30ಕ್ಕೆ. ಕನಕ ಜಯಂತಿ, ವಾಲ್ಮೀಕಿ ಜಯಂತಿ ಎಲ್ಲ ಹೀಗೇ ತಿಥಿಯ ಮೇಲೆ ಓಡಾಡುತ್ತವೆ. ಹಾಗಾಗಿ ಇವು ಹಾಳೆಯ ಮುಂದೆ, ತಿಥಿಯ ಪಕ್ಕದಲ್ಲಿವೆ, ಹಿಂದಿನ ಚರಿತ್ರೆಯಲ್ಲಿಲ್ಲ. ಆದರೆ ಇದರಿಂದ ಹಿಂದಿನ ಪುಟ ನೋಡಿದರೆ ಹನ್ನೆರಡನೇ ಶತಮಾನದಲ್ಲಿ ನಮ್ಮಲ್ಲಿ ಏನೂ ನಡೆದೇ ಇಲ್ಲವೇನೋ ಅನ್ನಿಸುತ್ತದೆ. ಆ ದಿನದ ಹಾಳೆಯ ಹಿಂದೆ ನಾಲ್ಕು ಸಾಲು ಸೇರಿಸುವುದು ಕಷ್ಟವೇನಲ್ಲ, ಹೇಗೂ ಪ್ರತಿ ವರ್ಷ ಹೊಸದಾಗಿಯೇ ಅಚ್ಚು ಮಾಡುತ್ತಾರೆ.

ಇಷ್ಟೆಲ್ಲ ಮೊಬೈಲಿನಲ್ಲೇ ಸಿಗುತ್ತಲ್ಲ ಅನ್ನುವವರಿಗೆ: ಸಿಗುತ್ತದೆ, ಪುಕ್ಕಟೆಯಾಗಿ. ವಾಟ್ಸಾಪ್‌ನಲ್ಲಿ ಬೆಳಿಗ್ಗೆ ಆರಕ್ಕೇ ದಿನ ವಿಶೇಷ ಬಂದು ಬೀಳುತ್ತದೆ, ಹೂವಿನ ಚಿತ್ರದ ಜೊತೆ. ಅದನ್ನು ಯಾರೂ ಓದುವುದಿಲ್ಲ, ಮುಂದಕ್ಕೆ ತಳ್ಳುತ್ತಾರೆ ಅಷ್ಟೇ. ಗೋಡೆ ಮೇಲಿನದನ್ನು ನಾಲ್ಕು ಜನ ಒಟ್ಟಿಗೆ ಓದುತ್ತಾರೆ, ತಪ್ಪಿದ್ದರೆ ಅಲ್ಲೇ ಜಗಳ ಆಗುತ್ತದೆ. ನಮ್ಮ ಅಂಗಡಿಯಲ್ಲಿ ವರ್ಷವಿಡೀ ಆದದ್ದು ಅದೇ. ಜೂನ್ ಹೊತ್ತಿಗೆ ಹುಡುಗರು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ತಿದ್ದಲು ಶುರು ಮಾಡಿದ್ದರು. ಪರೀಕ್ಷೆಗೆ ಓದುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಯಾರಿಗೆ ಸರಿ: ಅಂಗಡಿ, ಹಾಸ್ಟೆಲ್, ಶಾಲೆಯ ಸ್ಟಾಫ್ ರೂಮ್, ಜನ ಕಾಯುತ್ತಾ ಕೂರುವ ಜಾಗ ಯಾವುದಾದರೂ. ಮನೆಗೆ ಪಂಚಾಂಗ ನೋಡಲು ಮಾತ್ರ ಬೇಕಿದ್ದರೆ ಇದು ಬೇಡ, ತಿಂಗಳ ಕ್ಯಾಲೆಂಡರ್ ಸಾಕು, ಹಾಲಿನ ಲೆಕ್ಕ ಬರೆಯಲು ಅದರಲ್ಲಿ ಜಾಗವೂ ಇರುತ್ತದೆ.

ಹೊಸ ವರ್ಷದ್ದು ಬಂದಿದೆ, ಬೆಲೆ 200 ಮಾಡಿದ್ದಾರೆ. ಅಂಗಡಿಯಲ್ಲಿ ತೆಗೆದು ನೋಡಿದೆ. ಕಾಗದ ಸ್ವಲ್ಪ ದಪ್ಪ ಆಗಿದೆ, ಅಕ್ಷರ ಅಷ್ಟೇ ಸಣ್ಣದು. ವಿಶ್ವೇಶ್ವರಯ್ಯನವರು ಈ ಸಲವೂ ಎರಡು ದಿನ ಇದ್ದಾರೆ. ಕೊಳ್ಳುವವರು ಪ್ಲಾಸ್ಟಿಕ್ ಕವರ್ ಬಿಚ್ಚಿಸಿ, ಮೇಲಿನ ಅಂಚನ್ನು ಸ್ವಲ್ಪ ಬಗ್ಗಿಸಿ ನೋಡಿ. ಅಂಟು ಚಟ್ ಎಂದು ಸೀಳಿದರೆ ಬೇರೆ ಕೊಡಿ ಅನ್ನಿ. ಪಿನ್ ಹೊಡೆದಿರುವುದೇ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಜನವರಿ ಎರಡನೇ ವಾರದ ತನಕ ಕಾಯುವ ತಾಳ್ಮೆ ಇದ್ದರೆ ಅರ್ಧ ಬೆಲೆಗೆ ಕೊಡುತ್ತಾರೆ, ಹತ್ತು ಹನ್ನೆರಡು ಹಾಳೆ ಹೋದರೆ ಏನು ಮಹಾ. ನಾನಂತೂ ಈ ಸಲ ಸಂಕ್ರಾಂತಿ ಆದಮೇಲೆಯೇ ಹೋಗುವವನು.